ಗಾಲಿ ಬದಲಾದ ಗಾಡಿ

ಅಡಿಯೊಂದನ್ನು ನಾಲ್ಕು ಮಿಲಿಮೀಟರಿಗೆ ಇಳಿಸಿ ನಿರ್ಮಿಸಿದ ಪುಟ್ಟ ರೈಲುಗಾಡಿಗಳನ್ನು 16.5 ಮಿಲಿಮೀಟರ್ ಅಂತರದ ಹಳಿಗಳ ಮೇಲೆ ಓಡಿಸುವ ವಿನೋದವನ್ನು, ಬಾಲ್ಯದಲ್ಲಿ ತೊಡಗಿ ವಾರ್ಧಕ್ಯದವರೆಗೂ ಉಪಾಸನೆಯಂತೆ ನಡೆಸಿಕೊಂಡು ಬರುವವರು ಇಂಗ್ಲೆಂಡಿನಲ್ಲಿ ಬಹುಮಂದಿ ಉಂಟು. ಅಂಥ ವೃದ್ಧರೊಬ್ಬರು ತಂದೆಯ ಕಾಲದ ರೈಲುಡಬ್ಬಿಯೊಂದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಹಳೆಯ ಗಾಲಿಗಳನ್ನು ಕಳಚಿ ಹೊಸವನ್ನು ತೊಡಿಸಹೊರಟಾಗ, ತತ್ತ್ವಶಾಸ್ತ್ರದ ಅತಿಪುರಾತನವಾದ ಪ್ರಶ್ನೆಯೊಂದು ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ: ಗಾಲಿ ಬದಲಾದ ಮೇಲೆ ಈ ಗಾಡಿ ಆ ಗಾಡಿಯೇ ಅಹುದೆ?

ಬದಲಾವಣೆಗೆ ಕಾರಣವೇನೆಂಬುದನ್ನು ಮೊದಲು ವಿಚಾರಿಸಬೇಕು. 1938ರಲ್ಲಿ ಹೊರಬಂದ ಹಾರ್ನ್‌ಬಿ ಡಬ್ಲೊ ಎಂಬ ಹೆಸರಿನ ಇಂಥ ಪುಟ್ಟ ಗಾಡಿಗಳದು ಮೂರು ಹಳಿಗಳ ಹಾದಿ. ನಡುವಿನ ಹಳಿಯು ವಿದ್ಯುತ್ತನ್ನು ತರುತ್ತಿತ್ತು, ಹೊರಗಿನವೆರಡೂ ಕೂಡಿ ಅದನ್ನು ಹಿಂದಿರುಗಿಸುತ್ತಿದ್ದುವು. ಆದಕಾರಣ ಲೋಹದ ಗಾಲಿಗಳೆರಡೂ ಲೋಹದ ಒಂದೇ ಅಚ್ಚಿನಲ್ಲಿ ಕೂಡಿಕೊಂಡಿದ್ದರೂ ಬಾಧಕವಿರಲಿಲ್ಲ. 1959ರಲ್ಲಿ ಅಲ್ಲಿಯೂ ಎರಡು ಹಳಿಗಳ ಪದ್ಧತಿ ಬಂದಿತು; ಎಡಬಲದ ಹಳಿಗಳು ಪರಸ್ಪರ ವಿರುದ್ಧ ಧ್ರುವಗಳಾದುವು; ನಿನ್ನೆಯವರೆಗೆ ನಿರ್ದೋಷಿಯಾಗಿದ್ದ ಅಚ್ಚು ಅವೆರಡನ್ನೂ ಬೆಸೆದು, ಶಾರ್ಟ್ ಸರ್ಕ್ಯೂಟಿನಿಂದ ಸಮಸ್ತ ಸಂಚಾರವನ್ನೂ ಸ್ತಂಭಿಸತಕ್ಕ ಅಪರಾಧಿಯಾಯಿತು. ಇದಲ್ಲದೆ, ಹಿಂದಿನ ಗಾಲಿಗಳ ಆಳವಾದ ಒಳಅಂಚು, 0.075 ಅಂಗುಲವಷ್ಟೇ ಎತ್ತರವಿರುವ ಇಂದಿನ ಸೂಕ್ಷ್ಮವಾದ ಹಳಿಯಲ್ಲಿ, ಹಳಿಯನ್ನು ಹಿಡಿದಿಟ್ಟಿರುವ ಬುಡಗಳಿಗೆ ಬಡಿದು ಟಕಟಕ ಎನ್ನುವುದುಂಟು. ಜೋಡಿಗಾಲಿಗಳ ಒಳಮುಖಗಳ ನಡುವೆ ಈಗಿನ ರೂಢಿಯಂತೆ ಸುಮಾರು 14.5 ಮಿಲಿಮೀಟರ್ ಎಡೆಯಿರದಿದ್ದರೆ, ಹಳಿ ಕವಲೊಡೆಯುವಲ್ಲಿ ಗಾಡಿ ದಾರಿ ತಪ್ಪುವುದೂ ಉಂಟು. ಆದರೆ ಆ ಗಾಲಿ ಸವೆದಿಲ್ಲ, ಮುರಿದಿಲ್ಲ, ಹುಟ್ಟಿದಂದು ಇದ್ದಂತೆಯೇ ಇದೆ. ಹಳಿಯಲ್ಲಿಯೂ ತಪ್ಪಿಲ್ಲ. ದೋಷವಿರುವುದು ಅವೆರಡೂ ಸಂಧಿಸುವ ಎಡೆಯಲ್ಲಿ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ರಥವೇರಿ ಬಂದ ಯವನರಾಜ ಮಿಲಿಂದನನ್ನು ಬೌದ್ಧ ಭಿಕ್ಷು ನಾಗಸೇನನು, ಅಚ್ಚು ರಥವೆ, ಚಕ್ರ ರಥವೆ, ನೊಗ ರಥವೆ ಎಂದು ಒಂದೊಂದಾಗಿ ಕೇಳಿ, ಬಿಡಿಭಾಗಗಳನ್ನು ಆಶ್ರಯಿಸಿದ ವ್ಯವಹಾರನಾಮವೊಂದರ ಹೊರತು ರಥವೆಂಬ ಬೇರೆ ಪದಾರ್ಥವಿಲ್ಲವೆಂದು ಒಪ್ಪಿಸಿದನಷ್ಟೆ. ನ್ಯಾಯದರ್ಶನವನ್ನು ಅನುಸರಿಸುವ ನೈಯಾಯಿಕರು ಇದಕ್ಕೆ ಸಮ್ಮತಿಸರು. ಅವಯವಗಳಿಗಿಂತ, ಅವು ಕೂಡಿ ಆದ ಅವಯವಿಯು ಬೇರೆಯೆಂಬುದು ಅವರ ಸಿದ್ಧಾಂತ. ಆದರೆ ಅವಯವವೊಂದು ಹೋಗಿ ಮತ್ತೊಂದು ಬಂದರೆ ಹಿಂದಿನ ಅವಯವಿ ನಾಶವಾಗಿ ಹೊಸತೊಂದು ಉತ್ಪನ್ನವಾಗುವುದೆಂದು ಅವರೂ ಹೇಳುವುದರಿಂದ, ನಮ್ಮ ವೃದ್ಧರಿಗೆ ಇಬ್ಬರಿಂದಲೂ ಸಮಾಧಾನ ದೊರೆಯದು. ತಂದೆಯ ಗಾಡಿ ಒಂದು ಪಕ್ಷದಲ್ಲಿ ಮೊದಲೇ ಇರಲಿಲ್ಲ. ಇನ್ನೊಂದರಲ್ಲಿ ಇದೀಗ ಹೋಯಿತು.

ಪುರಿಯ ಭಕ್ತನಿಗೆ ಮಾತ್ರ ಈ ಸಂಕಟವಿಲ್ಲ. ನಂದಿಘೋಷವೆಂಬ ಜಗನ್ನಾಥನ ರಥವನ್ನು ಪ್ರತಿವರ್ಷವೂ ಹೊಸ ಮರದಿಂದ ಕಟ್ಟುತ್ತಾರೆ. ಅದರ 16 ಗಾಲಿಗಳೂ ಹೊಸವೇ. ಆದರೂ ಅದು ನಂದಿಘೋಷವೇ. ಸ್ವಾಮಿಯನ್ನು ಹೊತ್ತು ನಡೆಯುವ ಕಾರ್ಯವು ಯಾವುದರಲ್ಲಿ ಮುಂದುವರಿಯುವುದೋ ಅದಕ್ಕೆ ಆ ಹೆಸರು ಸಲ್ಲುತ್ತದೆ. ಈ ದೃಷ್ಟಿಯಿಂದ ನೋಡಿದರೆ, ಗಾಲಿಯನ್ನು ಬದಲಿಸಲೊಲ್ಲದೆ ಗಾಜಿನ ಬೀರುವಿನಲ್ಲಿಟ್ಟ ಡಬ್ಬಿಯು ಗಾಡಿಯ ಪ್ರತಿಮೆಯಾಗಿ ಉಳಿದೀತೇ ವಿನಾ ಗಾಡಿಯಾಗಿ ಉಳಿಯದು. ಹಾಗೆಂದು ಎಲ್ಲವನ್ನೂ ಬದಲಿಸಲು ಅಪ್ಪಣೆ ದೊರೆಯಿತೆಂದು ತಿಳಿಯಲಾಗದು. ಗಾಲಿ ಮುಟ್ಟುವುದು ಹಾದಿಯನ್ನು. ಆದುದರಿಂದ ಹಾದಿಯೊಡನೆ ಅದು ಬದಲಾಗಬೇಕು. ಡಬ್ಬಿಯ ಮೈಮೇಲೆ ಬಣ್ಣ ಚಕ್ಕೆಯೆದ್ದಿರುವ ಕಡೆ ಮುಟ್ಟಿದ್ದು ತಂದೆಯ ಕೈ. ಅದನ್ನು ಹೊಸದಾಗಿ ಬಳಿದರೆ ಓಟಕ್ಕೆ ಲಾಭವಿಲ್ಲ, ಸ್ಮೃತಿಗೆ ನಷ್ಟವುಂಟು. ನಮ್ಮ ಆಚಾರಗಳ ವಿಷಯದಲ್ಲಿಯೂ, ಇದು ಹಾದಿಗೆ ತಾಗುವ ಭಾಗವೋ ಮೈಗೆ ಸೇರಿದ ಭಾಗವೋ ಎಂದು ಕೇಳಿಕೊಂಡರೆ, ಸುಧಾರಕನ ಆತುರವೂ ಸನಾತನಿಯ ಹಟವೂ ಸ್ವಲ್ಪ ಶಮನವಾದಾವು.

ಕಳಚಿದ ಗಾಲಿಗಳನ್ನು ಬಲ್ಲವರು ಬಿಸುಡುವುದಿಲ್ಲ. ತಗಡಿನ ಕರಡಿಗೆಯಲ್ಲಿ ಹಾಕಿ, ಯಾವ ಡಬ್ಬಿಯವೆಂದು ಚೀಟಿ ಬರೆದಿಡುತ್ತಾರೆ. ಮೂರು ಹಳಿಗಳ ಹಾದಿಯನ್ನು ಇಂದಿಗೂ ಹಾಸಿಕೊಂಡಿರುವ ಮನೆಯೊಂದಕ್ಕೆ ಒಯ್ದರೆ ಅವು ಎಂದಿನಂತೆ ಉರುಳುವುವು. ಅವು ಸುಳ್ಳಾದುವಲ್ಲ, ಅವುಗಳ ಹಾದಿ ಈ ಮನೆಯಲ್ಲಿಲ್ಲ, ಅಷ್ಟೆ.