ಬಯಲಿನ ಆಟಕ್ಕೆ ಮಾಡು ಬೇಕೆ?

2025ರ ನವೆಂಬರ್ 2ರಂದು ನೆರೂಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮಹಿಳೆಯರ ವಿಶ್ವಕಪ್ ಕ್ರಿಕೆಟಿನ ಅಂತಿಮ ಪಂದ್ಯ ಮಧ್ಯಾಹ್ನ ಮೂರು ಗಂಟೆಗೆ ಆರಂಭವಾಗಬೇಕಾಗಿತ್ತು. ದೀಪಾವಳಿ ಕಳೆದು ಹತ್ತು ಹನ್ನೆರಡು ದಿನಗಳಾಗಿದ್ದರೂ ಮಳೆರಾಯ ಊರಿಗೆ ಹೋಗಿರಲಿಲ್ಲ. ಆಟ ಮೊದಲಾದದ್ದು ಸಂಜೆ ಐದಕ್ಕೆ. ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ಓಟಗಳಿಂದ ಸೋಲಿಸಿ ಕಪ್ಪನ್ನು ಎತ್ತಿ ಹಿಡಿದಾಗ ನಡುರಾತ್ರಿ. ಗೆದ್ದ ಸಂತೋಷದಲ್ಲಿ ಮಳೆಯ ಮಾತು ಮರೆತುಹೋಯಿತು. ಆದರೆ ಅದಕ್ಕೆ ಒಂದು ವಾರ ಮೊದಲು, ಅಕ್ಟೋಬರ್ 26ರಂದು, ಇದೇ ಅಂಗಣದಲ್ಲಿ ಬಾಂಗ್ಲಾದೇಶದೊಡನೆ ನಡೆಯುತ್ತಿದ್ದ ಪಂದ್ಯ ಮಳೆಗೆ ಸಿಕ್ಕಿ ಅರ್ಧಕ್ಕೇ ನಿಂತಿತ್ತು. ಅಂತಿಮ ಪಂದ್ಯಕ್ಕೂ ಅದೇ ಗತಿಯಾಗಿದ್ದರೆ?

ಹೀಗೆ ಕೇಳಿದವರು ನಮ್ಮಲ್ಲಿ ಅನೇಕರು. ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಪಂದ್ಯಗಳು ನಮ್ಮ ಮನೆಯಂಗಳಕ್ಕೆ ಬಂದಿದ್ದುದರಿಂದ ಈ ಬಾರಿ ಕನ್ನಡಿಗರ ಮನೆಗಳಲ್ಲಿ ಕ್ರಿಕೆಟಿನ ಮಾತು ತುಸು ಹೆಚ್ಚೇ ಇತ್ತು. (2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತ ಮೇಲೆ ಅಲ್ಲಿ ಪಂದ್ಯ ನಡೆಸುವಂತಿರಲಿಲ್ಲ. ಅದು ಬೇರೆಯೇ ಒಂದು ದುಃಖದ ಕಥೆ.) ಕೋಟಿಗಟ್ಟಲೆ ಹಣ ಸುರಿಯುವವರಿಗೆ ಮೇಲೊಂದು ಮಾಡು ಹಾಕಿಸಲು ಏನು ಧಾಡಿ ಎಂಬ ಪ್ರಶ್ನೆ ಲೋಕಲ್ ಗಾಡಿಯಲ್ಲಿ ಕೇಳುವುದಕ್ಕೆ ಸುಲಭ. ಆದರೆ ಸ್ವಲ್ಪ ಯೋಚಿಸಿ ನೋಡಿದರೆ ಇದು ಬರಿಯ ಇಂಜಿನಿಯರರ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆಯೂ ಹೌದು ಎಂದು ನಮಗೆ ತೋರುತ್ತದೆ.

ನೆರೂಲಿನ ಕ್ರೀಡಾಂಗಣಕ್ಕೆ ಮಾಡು ಇಲ್ಲವೆಂದಲ್ಲ. 2008ರಲ್ಲಿ ತೆರೆದ ಆ ಅಂಗಣವನ್ನು ನೋಡಿದವರಿಗೆ ಗೊತ್ತು: ಪ್ರೇಕ್ಷಕರ ತಲೆಯ ಮೇಲೆ ಮಾಡು ಹಿಂದಿನಿಂದ ಚಾಚಿಕೊಂಡು ನಿಂತಿದೆ, ನಡುವೆ ಕಂಬಗಳಿಲ್ಲ, ಕಂಬದ ಹಿಂದೆ ಕೂತು ಕತ್ತು ಕೊಂಕಿಸುವ ಕಷ್ಟವಿಲ್ಲ. ಬಯಲಾಗಿರುವುದು ಆಟದ ನೆಲ ಮಾತ್ರ. ಆದುದರಿಂದ ಮಾಡುಗಳಲ್ಲಿ ಎರಡು ಬಗೆ. ಒಂದು ಆಟವನ್ನು ಕಾಯುವ ಮಾಡು. ಇನ್ನೊಂದು ಮನುಷ್ಯರನ್ನು ಕಾಯುವ ಮಾಡು. ಇವೆರಡನ್ನೂ ಒಂದೇ ಎಂದು ಭಾವಿಸಿ ಮಾತಾಡುವುದರಿಂದಲೇ ನಮ್ಮ ಚರ್ಚೆಗಳು ದಾರಿ ತಪ್ಪುತ್ತವೆ.

ಆಟವನ್ನು ಕಾಯುವ ಮಾಡಿನ ಮೇಲೆ ಸಿರಿವಂತ ದೇಶಗಳಿಗೆ ಬಹಳ ಕಾಲದಿಂದ ಮೋಹ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಬೇಸ್‌ಬಾಲ್ ಆಟಕ್ಕೆಂದು ಆಸ್ಟ್ರೋಡೋಮ್ ಎಂಬ ಬೃಹತ್ ಗುಮ್ಮಟವನ್ನು ಕಟ್ಟಿದರು. ಒಳಗೆ ಹುಲ್ಲು ಬೆಳೆಯಲೆಂದು ಮೇಲೆ ಪಾರದರ್ಶಕ ಹಲಗೆಗಳನ್ನಿಟ್ಟರು. ಆ ಹಲಗೆಗಳ ಪ್ರಖರ ಬೆಳಕಿನಲ್ಲಿ ಆಟಗಾರರಿಗೆ ಮೇಲಕ್ಕೆ ಹೋದ ಚೆಂಡೇ ಕಾಣದಾಯಿತು. ಬಣ್ಣ ಬಳಿದು ಬೆಳಕನ್ನು ತಡೆದರು. ಚೆಂಡು ಕಂಡಿತು, ಹುಲ್ಲು ಸತ್ತಿತು. ಕಡೆಗೆ ಪ್ಲಾಸ್ಟಿಕ್ಕಿನ ಹುಲ್ಲನ್ನು ಹಾಸಿದರು. ಇಂದಿಗೂ ಆ ಕೃತಕ ಹುಲ್ಲಿಗೆ ಗುಮ್ಮಟದ ಹೆಸರೇ ಇದೆ. ಆಟವನ್ನು ಹವೆಯಿಂದ ಕಾಯಲು ಹೊರಟವರು ಆಟದ ನೆಲವನ್ನೇ ಬದಲಿಸಬೇಕಾಗಿ ಬಂದ ಕಥೆ ಇದು. ಮುಂದೆ ತೆರೆದು ಮುಚ್ಚುವ ಮಾಡುಗಳು ಬಂದವು. ಮೆಲ್ಬೋರ್ನಿನ ಟೆನಿಸ್ ಅಂಗಣಕ್ಕೆ 1988ರಲ್ಲಿ, ವಿಂಬಲ್ಡನ್ನಿನ ಮುಖ್ಯ ಅಂಗಣಕ್ಕೆ 2009ರಲ್ಲಿ. 2000ದ ಆಗಸ್ಟಿನಲ್ಲಿ ಮೆಲ್ಬೋರ್ನಿನ ಇನ್ನೊಂದು ಅಂಗಣದಲ್ಲಿ ಮುಚ್ಚಿದ ಮಾಡಿನ ಕೆಳಗೆ ಏಕದಿನ ಕ್ರಿಕೆಟನ್ನೂ ಆಡಿದರು. ಆದರೆ ಆ ಪದ್ಧತಿ ಕ್ರಿಕೆಟಿಗೆ ಹಿಡಿಸಲಿಲ್ಲ. ಇನ್ನು, ಬಿರುಗಾಳಿಗೆ ಮಾಡೆಂದರೆ ಭಯವೇನೂ ಇಲ್ಲ: 2024ರ ಅಕ್ಟೋಬರಿನಲ್ಲಿ ಫ್ಲಾರಿಡಾದ ಒಂದು ಕ್ರೀಡಾಂಗಣದ ಬಟ್ಟೆಯ ಮಾಡನ್ನು ಚಂಡಮಾರುತ ಹರಿದು ಚಿಂದಿ ಮಾಡಿತು.

ನಮ್ಮ ಬೆಂಗಳೂರಿನವರು ಮೇಲಿನದನ್ನು ಬಿಟ್ಟು ಕೆಳಗಿನದಕ್ಕೆ ಗಮನ ಕೊಟ್ಟರು. ಚಿನ್ನಸ್ವಾಮಿ ಅಂಗಣದ ನೆಲದಡಿಯಲ್ಲಿ 2017ರಲ್ಲಿ ನೀರನ್ನು ಯಂತ್ರದಿಂದ ಹೀರುವ ಕೊಳವೆಗಳ ಜಾಲವನ್ನು ಹಾಕಿದರು. ಮಳೆ ನಿಂತ ಸ್ವಲ್ಪ ಹೊತ್ತಿಗೆಲ್ಲ ಆಟ ಸಾಧ್ಯ. ನಿಲ್ಲದ ಮಳೆಗೆ ಅದೂ ಏನು ಮಾಡೀತು? 2024ರ ಅಕ್ಟೋಬರ್ 16ರಂದು ನ್ಯೂಜಿಲೆಂಡಿನೊಡನೆ ಟೆಸ್ಟಿನ ಮೊದಲ ದಿನ ಒಂದು ಚೆಂಡೂ ಬೀಳಲಿಲ್ಲ. ಮರುದಿನ ಭಾರತ 46ಕ್ಕೆ ಎಲ್ಲರೂ ಔಟ್. (ಅದಕ್ಕೂ ಮಳೆಯನ್ನೇ ದೂರುವುದು ನ್ಯಾಯವಲ್ಲ.)

ಆಟವನ್ನು ಕಾಯುವ ಮಾಡು ಇದ್ದರೆ ಇರಲಿ, ಇಲ್ಲದಿದ್ದರೆ ಯಾರಿಗೂ ಅನ್ಯಾಯವಾಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮಳೆಯಿಂದ ಪಂದ್ಯ ನಿಂತರೆ ಬೇಸರವಾದೀತು, ಟಿಕೆಟಿನ ಹಣ ಹಿಂದಿರುಗಿಸಬೇಕಾದೀತು. ಅದು ನಷ್ಟ, ಅಧರ್ಮವಲ್ಲ. ಇಷ್ಟಕ್ಕೂ ನಮ್ಮ ಹಿರಿಯರಿಗೆ ಇದಕ್ಕೆ ಬೇರೊಂದು ಉಪಾಯ ತಿಳಿದಿತ್ತು. ಯಕ್ಷಗಾನಕ್ಕೆ ಬಯಲಾಟವೆಂಬ ಹೆಸರೇ ಇರುವಾಗ ಅದಕ್ಕೆ ಮಾಡು ಹಾಕುವ ಯೋಚನೆ ಅವರಿಗೆ ಬರಲಿಲ್ಲ. ಬದಲಾಗಿ ಪತ್ತನಾಜೆ ಎಂದು ಒಂದು ದಿನವನ್ನು ಗೊತ್ತುಮಾಡಿದರು. ಮೇ ತಿಂಗಳ 24ರ ಆಸುಪಾಸಿಗೆ ಬರುವ ಆ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಕಟ್ಟುವುದು ಮಳೆಗಾಲ ಮುಗಿದ ಮೇಲೆ. ಪಂಚಾಂಗವೇ ಅವರ ಮಾಡು. ಆ ಬಿಡುವಿನ ತಿಂಗಳುಗಳಲ್ಲಿ ಕಲಾವಿದರು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಆಡುತ್ತಿದ್ದರು, ಈಗಲೂ ಆಡುತ್ತಾರೆ. ನಮ್ಮಲ್ಲಿ ಎಷ್ಟೋ ಮಂದಿ ಯಕ್ಷಗಾನವನ್ನು ಕಂಡದ್ದೇ ಮಳೆಗಾಲದಲ್ಲಿ, ಫ್ಯಾನಿನ ಕೆಳಗೆ! ಕತಾರ್ ದೇಶದವರೂ ಕಡೆಗೆ ಮಾಡಿದ್ದು ಇದನ್ನೇ. ಜೂನ್ ಜುಲೈ ತಿಂಗಳ ಫುಟ್‌ಬಾಲ್ ವಿಶ್ವಕಪ್ಪನ್ನು ಅಲ್ಲಿಯ ಬೇಸಗೆಗೆ ಅಂಜಿ 2022ರ ನವೆಂಬರ್ 20ಕ್ಕೆ ತಳ್ಳಿದರು. ಅಂಗಣಗಳನ್ನು ಯಂತ್ರಗಳಿಂದ ತಂಪುಮಾಡಲು ಹೊರಟಿದ್ದವರಿಗೂ ಪಂಚಾಂಗ ಬೇಕಾಯಿತು.

ಆದರೆ ಪಂಚಾಂಗದ ಮಾತನ್ನು ಹವೆ ಈಗ ಮೊದಲಿನಂತೆ ಕೇಳುತ್ತಿಲ್ಲ. ಮಳೆ ನವೆಂಬರಿಗೂ ಕಾಲಿಡುತ್ತದೆ, ಬಿಸಿಲು ಮಾರ್ಚಿನಲ್ಲೇ ಕಣ್ಣು ಕೆಂಪಗೆ ಮಾಡುತ್ತದೆ. ಮನುಷ್ಯರನ್ನು ಕಾಯುವ ಮಾಡಿನ ಮಾತು ಬರುವುದು ಇಲ್ಲಿ. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನೆರೂಲಿನಿಂದ ಗಾಡಿಯಲ್ಲಿ ಕೆಲವೇ ನಿಲ್ದಾಣ ಮುಂದೆ ಹೋದರೆ ಖಾರ್ಘರ್.

2023ರ ಏಪ್ರಿಲ್ 16, ಭಾನುವಾರ. ಖಾರ್ಘರಿನ ವಿಶಾಲ ಬಯಲಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿಯ ಸಮಾರಂಭ. ಲಕ್ಷಾಂತರ ಜನ ರಾಜ್ಯದ ನಾನಾ ಮೂಲೆಗಳಿಂದ ಬಂದು ನೆಲದ ಮೇಲೆ ಕುಳಿತಿದ್ದರು. ವೇದಿಕೆಗೆ ನೆರಳಿತ್ತು. ಜನರ ತಲೆಯ ಮೇಲೆ ಇದ್ದದ್ದು ಸೂರ್ಯ. ಉಷ್ಣತೆ ಸುಮಾರು 38 ಡಿಗ್ರಿ. ಸಮಾರಂಭ ಮುಗಿಯುವ ಹೊತ್ತಿಗೆ ನೂರಾರು ಮಂದಿ ಬವಳಿ ಬಂದು ಬಿದ್ದಿದ್ದರು. ಬಿಸಿಲಿನ ಹೊಡೆತಕ್ಕೆ ಸತ್ತವರ ಸಂಖ್ಯೆ ಕಡೆಗೆ 14ಕ್ಕೆ ಏರಿತು. ಬಿಸಿಲು ಇಳಿಯುವವರೆಗೆ ಮಧ್ಯಾಹ್ನ 12ರಿಂದ 5ರ ತನಕ ಬಯಲು ಸಭೆಗಳನ್ನು ನಡೆಸಬಾರದೆಂದು ಸರಕಾರ ಸಾರಿದ್ದು ಆಮೇಲೆ. ಅದು ಆಟವಲ್ಲ ನಿಜ. ಆದರೆ ಬಯಲು, ಗುಂಪು, ಗೊತ್ತಾದ ವೇಳೆ, ಗಣ್ಯರ ಆಸನ, ಸಾಮಾನ್ಯರ ಆಸನ, ಇವೆಲ್ಲ ಕ್ರೀಡಾಂಗಣದಲ್ಲಿ ಇರುವಂಥವೇ.

ಕಲಬುರ್ಗಿ, ರಾಯಚೂರಿನ ಬಂಧುಗಳು 38 ಡಿಗ್ರಿ ಎಂದರೆ ನಕ್ಕಾರು. ಅದು ಅಲ್ಲಿಯ ಚೈತ್ರದ ಸಾಮಾನ್ಯ ಮಾತು. ಆದರೆ ಸೆಕೆಯ ಲೆಕ್ಕ ಥರ್ಮಾಮೀಟರಿನಲ್ಲಿ ಪೂರ್ತಿ ಸಿಗುವುದಿಲ್ಲ. ನಮ್ಮ ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಖಾಡಿಯ ತೇವ ತುಂಬಿದ ಇಲ್ಲಿಯ ಗಾಳಿಯಲ್ಲಿ ಬೆವರು ಆರದು. ಒಳಗಿನ ಕಾವು ಒಳಗೇ ಉಳಿಯುತ್ತದೆ. ಹವಾಮಾನ ಇಲಾಖೆಯವರು ಬಯಲುಸೀಮೆಗೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಬಿಸಿಗಾಳಿಯ ಎಚ್ಚರಿಕೆಯ ಅಳತೆಗೋಲಾಗಿ ಇಟ್ಟಿರುವುದು ಸುಮ್ಮನೆ ಅಲ್ಲ. ಮೇಲಿನಿಂದ ನೇರ ಬಿಸಿಲೂ ಬಿದ್ದರೆ, ನೆರಳಿನಲ್ಲಿ ಅಳೆದ ಆ ಅಂಕೆಗೆ ಏನೂ ಅರ್ಥವಿರುವುದಿಲ್ಲ.

ಪ್ರಾಚೀನ ರೋಮಿನ ಅಖಾಡಗಳಲ್ಲಿ ಪ್ರೇಕ್ಷಕರ ಮೇಲೆ ಹಡಗಿನ ಹಾಯಿಯಂಥ ಬಟ್ಟೆಯನ್ನು ಹಗ್ಗಗಳಿಂದ ಎಳೆದು ನೆರಳು ಮಾಡುತ್ತಿದ್ದರಂತೆ. ಕಲಿಗುಲ ಎಂಬ ಚಕ್ರವರ್ತಿ ಬಿಸಿಲು ನೆತ್ತಿಗೆ ಬಂದಾಗ ಆ ಬಟ್ಟೆಯನ್ನು ತೆಗೆಸಿ, ಯಾರೂ ಹೊರಗೆ ಹೋಗಬಾರದೆಂದು ಆಜ್ಞೆ ಮಾಡುತ್ತಿದ್ದನೆಂದು ಅಲ್ಲಿಯ ಚರಿತ್ರಕಾರ ಸ್ವಿಟೋನಿಯಸ್ ಬರೆದಿಟ್ಟಿದ್ದಾನೆ. ಇದರಲ್ಲಿ ಕ್ರೌರ್ಯ ಎಲ್ಲಿದೆ ಎಂದು ನಾವು ಯೋಚಿಸಿದ್ದುಂಟು. ನೆರಳು ತೆಗೆದದ್ದರಲ್ಲಿ ಇರುವುದಕ್ಕಿಂತ ಹೆಚ್ಚಿನ ಕ್ರೌರ್ಯ ಬಾಗಿಲು ಹಾಕಿದ್ದರಲ್ಲಿದೆ. ಬಿಸಿಲಿನಲ್ಲಿ ಇರುವುದು ಬೇರೆ, ಬಿಸಿಲಿನಿಂದ ಎದ್ದು ಹೋಗಲಾಗದೆ ಇರುವುದು ಬೇರೆ.

ಆಟವೆಂದರೆ ಬಿಸಿಲು ಮಳೆಗೆ ಮೈಯೊಡ್ಡುವುದೇ ಅಲ್ಲವೆ, ಎಲ್ಲಕ್ಕೂ ಮಾಡು ಹಾಕಿದರೆ ಮಕ್ಕಳು ಮೆತ್ತಗಾಗುವುದಿಲ್ಲವೆ ಎಂದು ನಮ್ಮ ಹಿರಿಯರು ಕೆಲವರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ಓಡಿದ ಊರಿನವರು ನಾವು. ಆದರೆ ಕಂಬಳದ ಓಟಗಾರ ತಾನಾಗಿ ಗದ್ದೆಗೆ ಇಳಿಯುತ್ತಾನೆ, ಕ್ಷಣಗಳಲ್ಲಿ ಓಟ ಮುಗಿಸಿ ನೀರು ಕುಡಿಯುತ್ತಾನೆ. ದೊಡ್ಡ ಆಟಗಾರನಿಗೆ ಪಾನೀಯದ ವಿರಾಮವಿದೆ, ಮಂಜುಗಡ್ಡೆಯ ಟವಲಿದೆ, ವೈದ್ಯರಿದ್ದಾರೆ. ಏಪ್ರಿಲ್ ರಜೆಯ ಶಿಬಿರದಲ್ಲಿ ಹನ್ನೊಂದು ಗಂಟೆಯ ಬಿಸಿಲಿಗೆ ಪ್ಯಾಡು ಕಟ್ಟಿ ಸರದಿಗಾಗಿ ಕಾಯುವ ಹತ್ತು ವರ್ಷದ ಹುಡುಗನಿಗೆ ಏನಿದೆ? ‘ಸರ್, ತಲೆ ಸುತ್ತುತ್ತದೆ’ ಎಂದು ಹೇಳಲು ಅವನಿಗೆ ಸಂಕೋಚ. ಗೇಟಿನಲ್ಲಿ ನಿಂತ ಕಾವಲುಗಾರನಿಗೆ, ಬಂದೋಬಸ್ತಿನ ಪೋಲೀಸಿಗೆ, ಮಳೆ ಬಂದಾಗ ಪಿಚ್ಚಿಗೆ ಹೊದಿಕೆ ಎಳೆಯುತ್ತ ತಾನು ಪೂರ್ತಿ ನೆನೆಯುವ ಮೈದಾನದ ಆಳಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇದೆಯೆ? ಎದ್ದು ಹೋಗುವ ಸ್ವಾತಂತ್ರ್ಯ ಯಾರಿಗೆ ಕಡಿಮೆಯೋ ನೆರಳು ಅವರಿಗೆ ಮೊದಲು ಸಲ್ಲಬೇಕು. ಮಾಡಿನ ನ್ಯಾಯವೆಂದರೆ ನಮಗೆ ತೋರುವುದು ಇಷ್ಟೆ. ನಡೆಯುತ್ತಿರುವುದು ಮಾತ್ರ ಇದಕ್ಕೆ ತೀರಾ ವಿರುದ್ಧ. ಕಾರಿನಲ್ಲಿ ಬಂದು ಅರ್ಧ ತಾಸು ಇದ್ದು ಹೋಗುವವರಿಗೆ ಮಾಡು, ಬೆಳಗಿನಿಂದ ಸಂಜೆಯವರೆಗೆ ಇರುವವರಿಗೆ ಬಯಲು. ಕೊಲ್ಲಿಯ ನಾಡುಗಳಲ್ಲಿ ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಾರೆ. ಅಲ್ಲಿಯ ಕಟ್ಟಡ ಕೆಲಸದ ಬಿಸಿಲು ಹೇಗಿರುತ್ತದೆಂದು ಅವರನ್ನು ಕೇಳಬೇಕು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ಕಟ್ಟಳೆ ಕತಾರಿನಲ್ಲಿ ಬಂದದ್ದು 2021ರಲ್ಲಿ. ವಿಶ್ವಕಪ್ಪಿನ ಮಾಡುಗಳು ಅಷ್ಟರಲ್ಲಿ ಬಹುಮಟ್ಟಿಗೆ ಎದ್ದು ನಿಂತಿದ್ದವು.

ಹಾಗೆಂದು ಠಾಣೆಯ ದಾದೋಜಿ ಕೊಂಡದೇವ ಕ್ರೀಡಾಂಗಣಕ್ಕೂ, ಡೊಂಬಿವಲಿಯ ಸಾವಳಾರಾಮ ಮಹಾರಾಜ ಕ್ರೀಡಾ ಸಂಕುಲಕ್ಕೂ, ಕಲ್ಯಾಣದ ಸುಭಾಷ ಮೈದಾನಕ್ಕೂ ವಿಂಬಲ್ಡನ್ನಿನ ಮಾಡು ಬೇಕೆಂದು ನಾವು ಹೇಳುತ್ತಿಲ್ಲ. ಹೇಳಿದರೆ ಯಾರು ಕೇಳುತ್ತಾರೆ? ಕೇಳಿದರೂ ಆ ಹಣದಲ್ಲಿ ಎಷ್ಟೋ ಶಾಲೆಗಳಿಗೆ ಮೈದಾನವೇ ಸಿಕ್ಕೀತು. ಸಾರ್ವಜನಿಕ ಮೈದಾನಕ್ಕೆ ಬೇಕಾದದ್ದು ಅಂಚಿನಲ್ಲಿ ಒಂದು ಉದ್ದ ಜಗಲಿ, ಅದರ ಮೇಲೆ ಎತ್ತರದ ಮಾಡು, ಕುಡಿಯುವ ನೀರು, ಪಶ್ಚಿಮದ ಕಡೆ ಒಂದು ಸಾಲು ಮರ. ಎತ್ತರದ ಮಾಡು ಎಂದು ಬೇಕೆಂದೇ ಹೇಳಿದೆವು. ತಲೆಗೆ ತಾಗುವಂತೆ ತಗಡು ಹೊಡೆದು ಮೂರು ಕಡೆ ಗೋಡೆ ಎಬ್ಬಿಸಿದರೆ ಆಗುವುದು ಒಲೆ. ಗಾಳಿಯಾಡದ ನೆರಳಿಗಿಂತ ಬೇವಿನ ಮರದ ಬುಡ ಮೇಲು. ರೈಲ್ವೆ ಪ್ಲಾಟ್‌ಫಾರ್ಮಿನ ಮಾಡು ಎಲ್ಲಿ ಮುಗಿಯುತ್ತದೆ, ತಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕವನ್ನು ಛತ್ರಿ ಹಿಡಿದು ವರ್ಷಗಟ್ಟಲೆ ಮಾಡಿದ ಡೊಂಬಿವಲಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹತ್ತು ಅಡಿ ಮಾಡು ಹೆಚ್ಚಿದ್ದರೆ ಎಷ್ಟು ಜನಕ್ಕೆ ಆಗುತ್ತಿತ್ತೆಂದು ಅವರಿಗೆ ಗೊತ್ತು.

ನಗರಸಭೆಗಳು ಇದನ್ನು ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಡಿಸೆಂಬರ್ ಜನವರಿ ಬಂತೆಂದರೆ ನಮ್ಮ ಸಂಘ ಸಂಸ್ಥೆಗಳ, ಜಾತಿ ಸಮಾಜಗಳ, ಶಾಲೆಗಳ ಕ್ರೀಡಾಕೂಟಗಳು ಶುರು. ಎಲ್ಲ ಕಡೆಯೂ ಒಂದೇ ಕ್ರಮ: ಬಾಡಿಗೆಗೆ ತಂದ ಒಂದು ಶಾಮಿಯಾನ, ಅದರ ಕೆಳಗೆ ಹೂದಾನಿ, ಅಧ್ಯಕ್ಷರು, ಮುಖ್ಯ ಅತಿಥಿಗಳು. ಉದ್ಘಾಟನೆ ಮುಗಿದ ಮೇಲೆ ಅತಿಥಿಗಳು ಹೊರಡುತ್ತಾರೆ, ಕುರ್ಚಿಗಳು ಖಾಲಿ ನೆರಳಿನಲ್ಲಿ ವಿರಮಿಸುತ್ತವೆ. ನೂರು ಮೀಟರಿನ ಓಟಕ್ಕೆ ಹೆಸರು ಕರೆಯುವುದನ್ನು ಕಾಯುತ್ತ ಮಕ್ಕಳು ಸುಣ್ಣದ ಗೆರೆಯ ಬಳಿ ಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಮೊಮ್ಮಕ್ಕಳ ಓಟ ನೋಡಲು ಬಂದ ಅಜ್ಜಿ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಾಳೆ. ಈ ವರ್ಷ ಅದೇ ಒಂದು ಶಾಮಿಯಾನವನ್ನು ಓಟ ಆರಂಭವಾಗುವ ಗೆರೆಯ ಹತ್ತಿರ ಕಟ್ಟಿಸಿ, ಅತಿಥಿಗಳಿಗೂ ಅಲ್ಲಿಯೇ ಮಕ್ಕಳ ನಡುವೆ ನಾಲ್ಕು ಕುರ್ಚಿ ಹಾಕಿದರೆ ಖರ್ಚೇನೂ ಹೆಚ್ಚಾಗದು. ಕಟ್ಟುವಾಗ ಒಂದು ಸಂಗತಿ ನೆನಪಿಡಬೇಕು: ಮಧ್ಯಾಹ್ನ ಎರಡರ ಮೇಲೆ ನೆರಳು ಪೂರ್ವಕ್ಕೆ ಸರಿಯುತ್ತದೆ. ಆ ಕಡೆ ಹತ್ತು ಮೊಳ ಜಾಗ ಬಿಟ್ಟು ಗೂಟ ಹೊಡೆಯಲು ಶಾಮಿಯಾನದವನಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.