ಸಂಶಯವೂ ಸಂಖ್ಯೆಯೂ

ಈಚಿನ ವ್ಯಾಪಾರಸಂಸ್ಥೆಗಳಲ್ಲಿ ದತ್ತಾಂಶ ವಿಶ್ಲೇಷಣೆಯ ಯೋಜನೆಗಳು ಅಪಾರ ಧನವ್ಯಯದಿಂದಲೂ ಸಂಭ್ರಮದಿಂದಲೂ ಆರಂಭಗೊಂಡು, ಕಡೆಗೆ ಯಾರೂ ತೆರೆದು ನೋಡದ ಕೋಷ್ಟಕಗಳಲ್ಲಿಯೂ ಡ್ಯಾಶ್‌ಬೋರ್ಡುಗಳಲ್ಲಿಯೂ ಪರ್ಯವಸಾನ ಹೊಂದುವುದನ್ನು ಕಂಡವರು, ಅದರ ಕಾರಣವನ್ನು ಯಂತ್ರದಲ್ಲಿಯೋ ಗಣಿತದಲ್ಲಿಯೋ ಅರಸುವುದುಂಟು. ಅಂಥ ಕಾರಣಗಳು ಸುಳ್ಳಲ್ಲ. ಆದರೆ ಅವುಗಳಿಗೂ ಹಿಂದಿರುವ ಪ್ರಶ್ನೆಯೊಂದು ತತ್ತ್ವಶಾಸ್ತ್ರಕ್ಕೆ ಸೇರಿದ್ದು: ತಿಳಿಯಬೇಕೆಂಬ ಇಚ್ಛೆಯಿಲ್ಲದವನಿಗೆ ಪ್ರಮಾಣವು, ಎಂದರೆ ತಿಳಿವಿನ ಸಾಧನವು, ಜ್ಞಾನವನ್ನು ಕೊಡಬಲ್ಲುದೆ?

ತರ್ಕಶಾಸ್ತ್ರವಾದ ನ್ಯಾಯದರ್ಶನಕ್ಕೆ ಮೂಲವಾದ ಗೌತಮನ ನ್ಯಾಯಸೂತ್ರವು ಎಣಿಸುವ 16 ಪದಾರ್ಥಗಳಲ್ಲಿ, ಪ್ರಮಾಣ ಮತ್ತು ಅದರಿಂದ ತಿಳಿಯಬೇಕಾದ ವಿಷಯವಾದ ಪ್ರಮೇಯ ಇವುಗಳ ಬೆನ್ನಿಗೇ ಸಂಶಯವೂ ಪ್ರಯೋಜನವೂ ಬರುತ್ತವೆ. ನಿರ್ಣಯಕ್ಕೆ ದೊರೆಯುವುದು ಒಂಬತ್ತನೆಯ ಸ್ಥಾನ. ಏನೇನೂ ತಿಳಿಯದ ವಿಷಯದಲ್ಲಾಗಲಿ ಆಗಲೇ ನಿಶ್ಚಿತವಾದ ವಿಷಯದಲ್ಲಾಗಲಿ ನ್ಯಾಯಕ್ಕೆ ಕೆಲಸವಿಲ್ಲ, ಸಂದಿಗ್ಧವಾದುದರಲ್ಲಿಯೇ ಅದರ ಪ್ರವೃತ್ತಿ ಎಂಬುದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ.

ವ್ಯವಹಾರದಲ್ಲಾದರೋ ಈ ಕ್ರಮವು ತಲೆಕೆಳಗಾಗುವುದೇ ಹೆಚ್ಚು. ನಿರ್ಣಯವನ್ನು ಮನಸ್ಸಿನಲ್ಲಿ ಮೊದಲೇ ಸ್ಥಾಪಿಸಿಕೊಂಡ ಒಡೆಯನು ಅದಕ್ಕೆ ಸಾಕ್ಷಿ ಹೇಳತಕ್ಕ ಅಂಕಿಗಳನ್ನು ತರಿಸಿಕೊಳ್ಳುತ್ತಾನೆ. ಅನುಕೂಲವಾದುವು ಸಭೆಯಲ್ಲಿ ಮಂಡಿತವಾಗುತ್ತವೆ, ಪ್ರತಿಕೂಲವಾದುವು ಮರುಲೆಕ್ಕಕ್ಕೆ ಹಿಂದಿರುಗುತ್ತವೆ. ತತ್ತ್ವವನ್ನು ತಿಳಿಯಲೆಂದು ನಡೆಯುವುದು ವಾದ, ಗೆಲ್ಲಲೆಂದೇ ನಡೆಯುವುದು ಜಲ್ಪ ಎಂದು ನೈಯಾಯಿಕರು ಮಾಡಿದ ವಿಭಾಗದಲ್ಲಿ ಇದು ಎರಡನೆಯದಕ್ಕೆ ಸೇರತಕ್ಕದ್ದು. ಜಲ್ಪದಲ್ಲಿ ಜಯ ದೊರೆತೀತು, ತಿಳಿವು ದೊರೆಯದು.

ತಿಳಿಯುವ ಇಚ್ಛೆಯಿದ್ದರೂ ಕೇಳುವ ಪ್ರಶ್ನೆ ತಪ್ಪಿದರೆ ಫಲವಿಲ್ಲ. 1985ರ ಏಪ್ರಿಲಿನಲ್ಲಿ ಅಮೆರಿಕದ ಕೋಕಾ-ಕೋಲಾ ಸಂಸ್ಥೆಯು ತನ್ನ ಪಾನೀಯದ ಪಾಕವನ್ನು ಬದಲಾಯಿಸಿದಾಗ ಅದರ ಕೈಯಲ್ಲಿ ಸುಮಾರು 2 ಲಕ್ಷ ಜನರ ರುಚಿಪರೀಕ್ಷೆಯ ಫಲಿತಾಂಶಗಳಿದ್ದುವು. ಹೊಸದೇ ಮೇಲೆಂಬುದು ಅವುಗಳ ಒಟ್ಟಭಿಪ್ರಾಯ. ಆದರೂ ಜನರ ಆಕ್ರೋಶಕ್ಕೆ ಮಣಿದು ಆ ಜುಲೈ ತಿಂಗಳಲ್ಲಿಯೇ ಹಳೆಯ ಪಾನೀಯವನ್ನು ಮರಳಿ ತರಬೇಕಾಯಿತು. ನಾಲಗೆಯನ್ನು ಕೇಳಿದ ಪ್ರಶ್ನೆಗೆ ನಾಲಗೆಯು ಸರಿಯಾಗಿಯೇ ಉತ್ತರಿಸಿತ್ತು. ತಲೆಮಾರುಗಳಿಂದ ಬಳಕೆಯಲ್ಲಿದ್ದ ವಸ್ತುವೊಂದು ಅಂಗಡಿಯಿಂದ ಮಾಯವಾದರೆ ಜನರಿಗೆ ಏನನ್ನಿಸೀತೆಂಬುದನ್ನು ಮಾತ್ರ ಆ ಅಂಕಿಗಳು ಮುಟ್ಟಿರಲಿಲ್ಲ. ಪ್ರಮಾಣವು ತನ್ನ ಪ್ರಮೇಯವನ್ನಷ್ಟೇ ತೋರಿಸಬಲ್ಲುದು. ಕಣ್ಣು ಶಬ್ದವನ್ನು ಕಾಣದು.

ಪ್ರಶ್ನೆ ಸರಿಯಾಗಿದ್ದರೂ ಅನುಮಾನದಲ್ಲಿ ಎಡವುವ ಅಪಾಯವುಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಸಾಧಿಸಹೊರಟವನಿಗೆ, ಹೊಗೆಗೆ ಹಸಿ ಸೌದೆಯ ಯೋಗವೂ ಬೇಕು, ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ ಎಂದು ತೋರಿಸಿಕೊಟ್ಟ ತಾರ್ಕಿಕರು, ಈ ಮರೆಯ ನಿಮಿತ್ತವನ್ನು ಉಪಾಧಿಯೆಂದರು. ಜಾಹೀರಾತು ಹೊರಟ ತಿಂಗಳಲ್ಲಿ ಸೀರೆಯ ಮಾರಾಟ ಏರಿತೆಂದು ಹಿಗ್ಗುವ ವರ್ತಕನು, ಅದೇ ತಿಂಗಳಲ್ಲಿ ದೀಪಾವಳಿಯೂ ಬಂದಿತ್ತೆಂಬುದನ್ನು ಮರೆತರೆ, ಮುಂದಿನ ಆಷಾಢದಲ್ಲಿ ಅದೇ ಜಾಹೀರಾತಿಗೆ ಹಣ ಸುರಿದು ಕೈಸುಟ್ಟುಕೊಳ್ಳುವನು.

ಇಂಥ ಎಡವುಗಳಿಗೆ ಮದ್ದು ತನ್ನ ಲೆಕ್ಕವನ್ನೇ ಸಂಶಯಿಸುವುದು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸರು, ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡಹೊರಟಾಗ, ತಮ್ಮ ಎಣಿಕೆಯನ್ನೇ ಸಂಶಯಕ್ಕೊಳಪಡಿಸಿದರು. ಮೊದಲು ಸಣ್ಣ ಪ್ರಾಯೋಗಿಕ ಸಮೀಕ್ಷೆಗಳನ್ನು ನಡೆಸಿ, ಅವುಗಳಿಂದ ಕಲಿತು, ಬಳಿಕ ವ್ಯಾಪ್ತಿಯನ್ನು ಹಿಗ್ಗಿಸಿದರು. ಒಂದೇ ಪ್ರದೇಶದಿಂದ ಪರಸ್ಪರ ಸ್ವತಂತ್ರವಾದ ಮಾದರಿಗಳನ್ನು ಬೇರೆ ಬೇರೆ ತಂಡಗಳಿಂದ ಸಂಗ್ರಹಿಸಿ, ಅವುಗಳ ಅಂತರದಿಂದ ದೋಷವನ್ನು ಅಳೆಯುವ ವಿಧಾನವನ್ನು ರೂಪಿಸಿದರು. ತನ್ನ ತಪ್ಪಿನ ಅಳತೆಯನ್ನೂ ಹೇಳಬಲ್ಲ ಲೆಕ್ಕವೇ ವಿಶ್ವಾಸಕ್ಕೆ ಅರ್ಹವಾದದ್ದು.

ಸಂಶಯಾತ್ಮನಿಗೆ ನಾಶವೇ ಗತಿಯೆಂದು ಗೀತೆಯ ನಾಲ್ಕನೆಯ ಅಧ್ಯಾಯವು ಎಚ್ಚರಿಸಿಲ್ಲವೆ, ದಿನದಿನವೂ ಕ್ರಯವಿಕ್ರಯದಲ್ಲಿ ತೊಡಗಿದವನು ಸಂದೇಹದಲ್ಲಿ ಕುಳಿತಿರಲಾದೀತೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ, ಮತ್ತಷ್ಟು ಅಂಕಿಗಳು ಬರಲೆಂದು ಕಾರ್ಯವನ್ನು ಮುಂದೂಡುತ್ತಲೇ ಇರುವುದು ಪ್ರಮಾದಕರವಾದ ಇನ್ನೊಂದು ರೋಗ. ಆದರೆ ಗೀತೆ ನಿಂದಿಸುವುದು ಎಲ್ಲಿಯೂ ನೆಲೆಗೊಳ್ಳದ ಚಿತ್ತವನ್ನು. ನ್ಯಾಯವು ಬಯಸುವುದು ನಿರ್ಣಯದಲ್ಲಿ ಮುಗಿಯಲು ಸಿದ್ಧವಾಗಿರುವ ಸಂಶಯವನ್ನು. ಜ್ಞಾನವು ಯಥಾರ್ಥವೆಂಬುದಕ್ಕೆ ಸಫಲವಾದ ಪ್ರವೃತ್ತಿಯೇ ಸಾಕ್ಷಿಯೆಂದು ನಂಬಿದ ನೈಯಾಯಿಕರಿಗೆ, ಕಾರ್ಯಕ್ಕೆ ಇಳಿಯದ ಲೆಕ್ಕವು ಪರೀಕ್ಷೆಗೆ ಒಳಗಾಗದ ಲೆಕ್ಕವೇ ಸರಿ.

ಆದಕಾರಣ ಯೋಜನೆಗೆ ಹಣ ಮಂಜೂರು ಮಾಡುವ ಮೊದಲು ಒಡೆಯನು ತನ್ನನ್ನು ತಾನೇ ಕೇಳಿಕೊಳ್ಳತಕ್ಕ ಪ್ರಶ್ನೆ ಇದು: ಅಂಕಿಗಳು ಹೀಗೆ ಬಂದರೆ ಏನು ಮಾಡುವೆನು, ಹಾಗೆ ಬಂದರೆ ಏನು ಮಾಡುವೆನು? ಎರಡಕ್ಕೂ ಉತ್ತರವು ಒಂದೇ ಆಗಿದ್ದಲ್ಲಿ ಯೋಜನೆಯನ್ನು ಆರಂಭಿಸದಿರುವುದೇ ಲೇಸು.