ಕರಸ್ಥಲವೂ ಮತದಾನವೂ

ಚುನಾವಣೆಯ ಕಾಲ ಬಂದಿತೆಂದರೆ ಊರಿಗೆ ಊರೇ ಬಾಯಾಗುವುದು. ಬೀದಿಯಲ್ಲಿ ಧ್ವನಿವರ್ಧಕ, ಮನೆಯಲ್ಲಿ ದೂರದರ್ಶನ, ಕೈಯಲ್ಲಿ ಮೊಬೈಲು. ಎಲ್ಲೆಡೆಯೂ ಸ್ತುತಿನಿಂದೆಗಳ ಪ್ರವಾಹ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ಬಳಸಕೂಡದೆಂಬ ನಿಯಮದಿಂದ ಕಿವಿಗಾದರೂ ತುಸು ವಿಶ್ರಾಂತಿಯುಂಟು. ಮನಸ್ಸಿಗೆ ಅದೂ ಇಲ್ಲ. ನಿನ್ನೆಯವರೆಗೆ ದಾಸೋಹದ ಪಂಕ್ತಿಯಲ್ಲಿ ಒಡನೆ ಕುಳಿತು ಪ್ರಸಾದ ಸ್ವೀಕರಿಸಿದ ಅಣ್ಣತಮ್ಮಂದಿರು ಇಂದು ಒಬ್ಬರ ಮುಖವನ್ನೊಬ್ಬರು ನೋಡಲೊಲ್ಲರು. ಅಭ್ಯರ್ಥಿಯು ಗೆದ್ದು ರಾಜಧಾನಿಗೆ ಹೋಗುವನು, ಇಲ್ಲವೆ ಸೋತು ಮರೆಯಾಗುವನು; ಮುರಿದ ಮನೆಯು ಮಾತ್ರ ಊರಿನಲ್ಲಿಯೇ ಉಳಿಯುವುದು.

ಹಾಗಾದರೆ ಸದ್ಭಕ್ತರು ಲೋಕವ್ಯವಹಾರವನ್ನೇ ತೊರೆದು ಬಾಗಿಲು ಮುಚ್ಚಿಕೊಳ್ಳಬೇಕೆ? ಅದು ಶರಣರ ಮಾರ್ಗವಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತು, ರಾಜಕಾರ್ಯದ ನಡುವೆಯೇ ಲಿಂಗನಿಷ್ಠೆಯನ್ನು ಕಾಪಾಡಿಕೊಂಡರು. ಅನುಭವಮಂಟಪದಲ್ಲಿ ನಾನಾ ಕಾಯಕದವರು ಪ್ರಶ್ನಿಸಿದರು, ಪ್ರತ್ಯುತ್ತರವಿತ್ತರು. ಅಲ್ಲಿ ನುಡಿಯಬಂದವರಿಗೆ ಕೇಳುವ ತಾಳ್ಮೆಯೂ ಇದ್ದಿತು. ಕೇಳಲೊಲ್ಲದವನ ನುಡಿ ಬರಿಯ ಸದ್ದು.

ರಾಜ್ಯಶಾಸನವೂ ಈ ತತ್ತ್ವವನ್ನು ಒಂದಿಷ್ಟು ಮನ್ನಿಸಿದೆ. 1951ರ ಜನಪ್ರಾತಿನಿಧ್ಯ ಕಾಯಿದೆಯು ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಗಳಲ್ಲಿ ಪ್ರಚಾರದ ಸಭೆ ಮೆರವಣಿಗೆಗಳನ್ನು ನಿಷೇಧಿಸುತ್ತದೆ. ಕರ್ನಾಟಕದ ವಿಧಾನಸಭೆಗೆ 2023ರ ಮೇ 10ರಂದು ಮತದಾನವಾದಾಗ, ಮೇ 8ರ ಸಂಜೆಗೇ ಬಹಿರಂಗ ಪ್ರಚಾರ ನಿಂತಿತು. ಹೊರಗಿನ ಬಾಯನ್ನು ಕಾನೂನು ಮುಚ್ಚಿಸಬಲ್ಲುದು. ಒಳಗಿನ ಗದ್ದಲವನ್ನು ಭಕ್ತರೇ ನಿಲ್ಲಿಸಿಕೊಳ್ಳಬೇಕು.

ಆ ಎರಡು ದಿನಗಳ ಪೂಜಾಕಾಲದಲ್ಲಿ ಅವರು ತಮ್ಮ ಎಡಗೈಯನ್ನು ನೋಡಿಕೊಳ್ಳಲಿ. ಇಷ್ಟಲಿಂಗಕ್ಕೆ ಪೀಠವಾಗುವುದು ಅದೇ ಕರಸ್ಥಲ. ಮತಗಟ್ಟೆಯಲ್ಲಿ ಶಾಯಿಯ ಗುರುತು ಬೀಳುವುದೂ ಅದೇ ಕೈಯ ತೋರುಬೆರಳಿಗೆ. ಲಿಂಗವನ್ನು ಧರಿಸಿದ ಕೈಯು ಮತದ ಬೆಲೆಯೆಂದು ನೋಟನ್ನೋ ಸೀರೆಯನ್ನೋ ಸಾರಾಯಿಯ ಸೀಸೆಯನ್ನೋ ಹಿಡಿಯಬಹುದೆ? ಮತಕ್ಕೆ ಹಣ ಕೊಡುವುದೂ ಪಡೆಯುವುದೂ ಕಾನೂನಿಗೆ ಅಪರಾಧ. ಭಕ್ತರಿಗೆ ಅದು ಲಿಂಗದ್ರೋಹ. ಸತ್ಯಶುದ್ಧ ಕಾಯಕದಿಂದ ಬಾರದ ದ್ರವ್ಯವು ದಾಸೋಹಕ್ಕೆ ಸಲ್ಲದು. ಶಾಯಿಯ ಗುರುತು ಕೆಲವು ವಾರಗಳಲ್ಲಿ ಮಾಯುವುದು. ಆ ಕೈ ಪಡೆದ ಲಂಚದ ಕಲೆಯಾದರೋ ಐದು ವರ್ಷ ಊರನ್ನೇ ಕಾಡುವುದು.

ಆದುದರಿಂದ ಪೂಜೆಯ ಬಳಿಕ ಶಾಂತಚಿತ್ತದಿಂದ ಯೋಗ್ಯರಾರೆಂದು ವಿಚಾರಿಸಿ ಮತವೀಯುವುದು ಭಕ್ತರ ಕರ್ತವ್ಯ. ಎಣಿಕೆ ಮುಗಿದ ಮೇಲೆ ಇನ್ನೊಂದು ಕರ್ತವ್ಯ ಉಳಿಯುವುದು: ಗೆದ್ದ ಪಕ್ಷದ ಅಣ್ಣನು ಸೋತ ಪಕ್ಷದ ತಮ್ಮನ ಬಾಗಿಲಿಗೆ ತಾನೇ ಮೊದಲು ಹೋಗಿ, ಶರಣು ಶರಣಾರ್ಥಿಯೆಂದು ಕೈಮುಗಿದು, ದಾಸೋಹದ ಪಂಕ್ತಿಗೆ ಕರೆದುತರಲಿ.